ಎರಡು ಚೀನಾ ಬಾಣಲೆ, ಒಂದು ಮಳೆಗಾಲ: ಅವರ್ಸಾದಲ್ಲಿ ವೋಕ್ ಬಳಸಿ ನೋಡಿದ್ದು

ಜುಲೈ ಎರಡನೇ ವಾರ ವೋಕ್ ಕಪಾಟಿನಿಂದ ತೆಗೆದೆ. ಒಳಗೆಲ್ಲ ಕೆಂಪು ತುಕ್ಕು. ಮೂರೇ ಮೂರು ದಿನ ಮುಟ್ಟಿರಲಿಲ್ಲ. ಹೆಂಡತಿ ಬಂದು ಬೆರಳಿನಿಂದ ಒಮ್ಮೆ ಸವರಿದಳು. ಕೆಂಪಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. "ಇದಕ್ಕಾ ನೀವು ಎರಡು ಸಲ ದುಡ್ಡು ಕೊಟ್ಟದ್ದು?"

ಹೌದು, ಎರಡು ಸಲ ಕೊಟ್ಟಿದ್ದೇನೆ. ಅದನ್ನೂ ಹೇಳುತ್ತೇನೆ. ಕಾರ್ಬನ್ ಸ್ಟೀಲ್ ವೋಕ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚನೆ ಮಾಡುತ್ತಿರುವ ಕರಾವಳಿಯವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಬೆಂಗಳೂರಿನವರು ಬರೆದ ವಿಮರ್ಶೆಗಳನ್ನು ಓದಿಯೇ ನಾನು ಕೊಂಡದ್ದು. ಅದರಲ್ಲಿ ಯಾರೂ ಮಳೆಯ ಮಾತೇ ಎತ್ತಿರಲಿಲ್ಲ.

ನಾನು 22 ವರ್ಷ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು. ಈಗ ಊರಲ್ಲೇ ಇದ್ದೇನೆ. ಊರು ಅವರ್ಸಾ, ಕಾರವಾರ ಮತ್ತು ಅಂಕೋಲೆಯ ನಡುವೆ. ನಮ್ಮ ಕಡೆ ಹಡಗಿಗೆ ಹೋದವರು ಕೇರಿಗೊಬ್ಬರಾದರೂ ಸಿಗುತ್ತಾರೆ. ಬರುವಾಗ ಎಲ್ಲರೂ ಸೆಂಟು, ಚಾಕಲೇಟು, ಟಾರ್ಚು ತರುತ್ತಿದ್ದರು. ನಾನು ಅವುಗಳ ಜೊತೆಗೆ ನಾಲಿಗೆಯ ಚಟವನ್ನೂ ತಂದೆ.

ಸಿಂಗಾಪುರದಲ್ಲಿ ಹಡಗು ನಿಂತರೆ ನಮಗೆ ಹೊರಗೆ ಹೋಗಲು ಸಿಗುತ್ತಿದ್ದದ್ದು ನಾಲ್ಕೈದು ತಾಸು. ಬೇರೆಯವರು ಮೊಬೈಲು, ಬಟ್ಟೆ ಅಂತ ಓಡುತ್ತಿದ್ದರು. ನಾನು ಹಾಕರ್ ಸೆಂಟರಿಗೆ ಹೋಗಿ ಕೂರುತ್ತಿದ್ದೆ. ಒಂದೇ ಮಾಡಿನ ಕೆಳಗೆ ಹತ್ತಾರು ಸಣ್ಣ ಅಂಗಡಿ, ಒಂದೊಂದು ಅಂಗಡಿಯದು ಒಂದೆರಡೇ ತಿಂಡಿ. 2020ರಲ್ಲಿ ಯುನೆಸ್ಕೋದವರು ಸಿಂಗಾಪುರದ ಈ ಹಾಕರ್ ಸಂಸ್ಕೃತಿಯನ್ನು ತಮ್ಮ ಪಟ್ಟಿಗೆ ಸೇರಿಸಿದರು ಎಂದು ಓದಿದಾಗ ಸುಮ್ನೆ ಖುಷಿಯಾಯಿತು. ಅಲ್ಲಿ ಒಬ್ಬ ಮುದುಕ ಚಾರ್ ಕ್ವೇ ತಿಯಾವ್ ಮಾಡುತ್ತಿದ್ದ. ಅಗಲವಾದ ಅಕ್ಕಿ ನೂಡಲ್ಸ್, ಕಪ್ಪು ಸೋಯಾ ಸಾಸ್, ಮೊಳಕೆ ಕಾಳು, ಮೊಟ್ಟೆ, ಚಿಪ್ಪಿನ ಮಾಂಸ. ಮುಂದೆ ಹನ್ನೆರಡು ಜನ ನಿಂತಿದ್ದರೂ ಅವನು ಮಾಡುವುದು ಒಂದು ಪ್ಲೇಟ್. ಅದನ್ನು ಕೊಟ್ಟ ಮೇಲೆ ಇನ್ನೊಂದು. ನಾಲ್ಕು ಪ್ಲೇಟಿನದನ್ನು ಒಟ್ಟಿಗೆ ಹಾಕಿದರೆ ಬೇಗ ಆಗುವುದಿಲ್ಲವಾ, ಎಂಥಾ ಹಟದ ಮುದುಕ ಎಂದುಕೊಳ್ಳುತ್ತಿದ್ದೆ. ಅದು ಹಟ ಅಲ್ಲ ಎಂದು ಗೊತ್ತಾಗಲು ಸ್ವಂತ ವೋಕ್ ಬರಬೇಕಾಯಿತು.

ಮೊದಲು ಕೊಂಡ ಕತೆ. ಕಳೆದ ಫೆಬ್ರವರಿಯಲ್ಲಿ ಆನ್‌ಲೈನಿನಲ್ಲಿ 14 ಇಂಚಿನ ಕಾರ್ಬನ್ ಸ್ಟೀಲ್ ವೋಕ್ ಬುಕ್ ಮಾಡಿದೆ. ತಳ ಚಪ್ಪಟೆ ಇರಬೇಕು ಎಂದು ನೋಡಿಯೇ ಮಾಡಿದ್ದು. ಬಂದದ್ದು ಗುಂಡು ತಳದ್ದು. ಗ್ಯಾಸ್ ಒಲೆಯ ಮೇಲೆ ಇಟ್ಟರೆ ದೋಣಿ ಹಾಗೆ ಓಲಾಡುತ್ತದೆ. ವಾಪಸ್ ತೆಗೆದುಕೊಳ್ಳಿ ಎಂದರೆ ಮಾರಿದವರು ಹನ್ನೊಂದು ದಿನ ಮಾತಾಡಿಸಿ, ಕೊನೆಗೆ "ಬಳಸಿದ ಗುರುತು ಇದೆ" ಎಂದು ಕೈ ಎತ್ತಿದರು. ತೊಳೆದು ನೋಡಿದ್ದೇ ಬಳಸಿದ ಗುರುತು! 2,350 ರೂಪಾಯಿ ಹೋಯಿತು. ಆಮೇಲೆ ಬೇರೆ ಕಡೆಯಿಂದ ಚಪ್ಪಟೆ ತಳದ್ದು ತರಿಸಿದೆ, 2,100. ಹಾಗಾಗಿ ಮನೆಯಲ್ಲಿ ಈಗ ಎರಡಿವೆ. ಎರಡನ್ನೂ ಬಳಸಿದ್ದರಿಂದ ಹೋಲಿಸಿ ಹೇಳಬಲ್ಲೆ, ಅದೊಂದು ಲಾಭ.

ಮುಟ್ಟಿದರೆ ನಮ್ಮ ಕಬ್ಬಿಣದ ಬಾಣಲೆಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮದು ಎರಕದ್ದು, ದಪ್ಪ. ಕಾಯಲು ಹೊತ್ತು ಬೇಕು, ಆರಲೂ ಹೊತ್ತು ಬೇಕು. ಇದು ತೆಳು ತಗಡು, ಒಂದೂವರೆ ಮಿಲಿಮೀಟರ್ ಇರಬಹುದು. ತಕ್ಕಡಿಯಲ್ಲಿಟ್ಟೆ, 1 ಕೆಜಿ 900 ಗ್ರಾಂ. ಉರಿ ಏರಿಸಿದರೆ ತಕ್ಷಣ ಕಾಯುತ್ತದೆ, ಇಳಿಸಿದರೆ ಬೇಗ ತಣಿಯುತ್ತದೆ. ಫಿಟ್ಟರ್ ಕಣ್ಣಿಗೆ ಇದು ಒಳ್ಳೆಯ ಸಾಮಾನು. ಹಿಡಿಗೆ ಹೊಡೆದ ರಿವೆಟ್ ಗಟ್ಟಿ ಇವೆ. ಮರದ ಹಿಡಿ ಮಾತ್ರ ಮೂರು ತಿಂಗಳಿಗೆ ಸಡಿಲಾಯಿತು, ಒಂದು ಸ್ಕ್ರೂ ಬಿಗಿ ಮಾಡಿದೆ.

ಹೊಸ ವೋಕ್‌ಗೆ ತುಕ್ಕು ಬಾರದಿರಲಿ ಎಂದು ಕಾರ್ಖಾನೆಯವರು ಏನಾದರೂ ಬಳಿದು ಕಳಿಸಿರುತ್ತಾರೆ. ಅದನ್ನು ತಿಕ್ಕಿ ತೆಗೆಯದೆ ಅಡುಗೆ ಮಾಡಬಾರದು. ಬಿಸಿ ನೀರು, ಸೋಪು, ತಂತಿ ಬ್ರಶ್ಶು ಹಿಡಿದು ಅರ್ಧ ತಾಸು ಕೂತೆ. ಆಮೇಲೆ ಕಾಯಿಸುವುದು. ಬೂದು ಬಣ್ಣದ ತಗಡು ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ನವಿಲುಗರಿಯ ನೀಲಿ ಆಗುತ್ತದೆ. ಇದನ್ನು ನೋಡುವುದೇ ಒಂದು ಹಬ್ಬ. ಪೂರ್ತಿ ನೀಲಿಯಾದ ಮೇಲೆ ಬಟ್ಟೆಯಲ್ಲಿ ಎಣ್ಣೆ ಅದ್ದಿ ಒಳಗೆಲ್ಲ ತೆಳುವಾಗಿ ಒರೆಸಬೇಕು. ಎಣ್ಣೆ ಹೊಗೆಯಾಡಿ, ಒಣಗಿ, ತಗಡಿಗೆ ಅಂಟಿಕೊಂಡು ಕಪ್ಪು ಪದರವಾಗುತ್ತದೆ. ಮೂರ್ನಾಲ್ಕು ಸಲ ಹೀಗೆ ಮಾಡಬೇಕು. ನಮ್ಮ ಅಜ್ಜಿಯರು ದೋಸೆ ಕಾವಲಿ ಪಳಗಿಸುತ್ತಿದ್ದದ್ದೂ ಇದನ್ನೇ ಅಲ್ವಾ, ಈರುಳ್ಳಿ ಅರ್ಧ ಕತ್ತರಿಸಿ ಎಣ್ಣೆ ಹಚ್ಚಿ. ಎಣ್ಣೆ ಜಾಸ್ತಿ ಹಾಕಿದರೆ ಮಾತ್ರ ಪದರ ಆಗುವುದಿಲ್ಲ, ಅಂಟಂಟಾಗುತ್ತದೆ. ಮೊದಲ ಸಲ ನನಗೆ ಹಾಗೇ ಆಯಿತು, ಹಲಸಿನ ಮೇಣ ಮೆತ್ತಿದ ಹಾಗೆ.

ಹೊಗೆ ಎಷ್ಟು ಬಂತೆಂದರೆ ಹೆಂಡತಿ ನನ್ನನ್ನೂ ವೋಕನ್ನೂ ಅಡುಗೆ ಮನೆಯಿಂದ ಹೊರಗೆ ಹಾಕಿದಳು. ನಾನು ಬಚ್ಚಲ ಒಲೆಗೆ ಹೋದೆ. ಈ ಬಚ್ಚಲ ಒಲೆಯ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ.

ಈಗ ಮುಖ್ಯ ಮಾತು. ವೋಕ್ ತಂದರೆ ಹೊಟೇಲ್ ರುಚಿ ಬರುತ್ತದಾ?

ಗ್ಯಾಸ್ ಒಲೆಯ ಮೇಲೆ ಅರ್ಧ ಬರುತ್ತದೆ. ಕ್ಯಾಂಟನೀಸ್ ಮಾತಾಡುವವರು ಆ ರುಚಿಗೆ ವೊಕ್ ಹೇ ಎನ್ನುತ್ತಾರೆ, ವೋಕಿನ ಉಸಿರು ಅಂತ. ಪಾತ್ರೆ ವಿಪರೀತ ಕಾದಿರಬೇಕು. ತರಕಾರಿಯಿಂದ ಬಿಟ್ಟ ನೀರು ಬಿದ್ದಲ್ಲೇ ಆವಿಯಾಗಬೇಕು. ಮೇಲಕ್ಕೆ ಚಿಮ್ಮಿಸಿದಾಗ ಎಣ್ಣೆಯ ಸಣ್ಣ ಹನಿಗಳು ಅಂಚು ದಾಟಿ ಉರಿಗೆ ತಾಗಿ ಭಗ್ ಎಂದು ಹತ್ತಬೇಕು. ಆ ಸುಟ್ಟ ವಾಸನೆ ಅನ್ನಕ್ಕೋ ನೂಡಲ್ಸಿಗೋ ಹಿಡಿಯಬೇಕು. ಚೀನಾ ಹೊಟೇಲಿನ ವೋಕ್ ಒಲೆಯ ಕಾವು ನಮ್ಮನೆ ಒಲೆಯ ಎಂಟು ಹತ್ತು ಪಟ್ಟು ಇರುತ್ತದೆ. ನಮ್ಮ ಒಲೆಯ ದೊಡ್ಡ ಬರ್ನರ್ ಪೂರ್ತಿ ತಿರುಗಿಸಿದರೂ ಅದರ ಹತ್ತಿರ ಹೋಗುವುದಿಲ್ಲ.

ಹಾಗಾದರೆ ಏನು ಮಾಡುವುದು? ಮುದುಕ ಮಾಡುತ್ತಿದ್ದದ್ದನ್ನೇ. ಒಂದು ಪ್ಲೇಟ್. ನಮ್ಮ ಉರಿ ಸಣ್ಣದು, ಆದ್ದರಿಂದ ಹಾಕುವುದೂ ಕಡಿಮೆ ಇರಬೇಕು. ಐದು ಜನಕ್ಕೆ ಬೇಕಾದಷ್ಟು ಅನ್ನ ಒಟ್ಟಿಗೆ ಸುರಿದರೆ ವೋಕ್ ತಣಿಯುತ್ತದೆ, ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ. ನಾನು ಮೊದಲು ಮಾಡಿದ ಫ್ರೈಡ್ ರೈಸ್ ನೋಡಿ ಆಯಿ (ನನ್ನ ಅಮ್ಮ) "ಇದು ಪಳಾವಾ, ಗಂಜಿಯಾ?" ಎಂದು ಕೇಳಿದ್ದಳು. ಈಗ ನಾನು ಹಾಕುವುದು ಒಂದು ಸಲಕ್ಕೆ ಎರಡು ಮುಷ್ಟಿ ಅನ್ನ. ಖಾಲಿ ವೋಕನ್ನು ಎರಡು ನಿಮಿಷ ಕಾಯಿಸಿ, ಅದು ಹೊಗೆಯಾಡಲು ಶುರುವಾದ ಮೇಲೆ ಎಣ್ಣೆ. ತೊಂಬತ್ತು ಸೆಕೆಂಡಿನಲ್ಲಿ ಪ್ಲೇಟ್ ತಯಾರು.

ಹೀಗೆ ಖಾಲಿ ಕಾಯಿಸುವುದನ್ನು ನಾನ್‌ಸ್ಟಿಕ್ ಪಾತ್ರೆಯಲ್ಲಿ ಮಾಡಬೇಡಿ. ಆ ಲೇಪ 260 ಡಿಗ್ರಿ ದಾಟಿದರೆ ಹಾಳಾಗಲು ಶುರುವಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ಎಣ್ಣೆ ಶೇಂಗಾದ್ದು ಸರಿ. ಗಾಣದ ತೆಂಗಿನೆಣ್ಣೆ ನನಗೆ ಇಷ್ಟ, ಆದರೆ ಅದು ಬೇಗ ಹೊಗೆಯಾಡಿ ಕಹಿಯಾಗುತ್ತದೆ. ಸೋಯಾ ಸಾಸ್ ಕೊಳ್ಳುವಾಗ ಬಾಟಲಿ ತಿರುಗಿಸಿ ಓದಿ. ಸೋಯಾ, ಗೋಧಿ, ಉಪ್ಪು, ನೀರು ಎಂದಿದ್ದರೆ ತೆಗೆದುಕೊಳ್ಳಿ. ಬಣ್ಣ, ಸಕ್ಕರೆಯೇ ಮೊದಲಿಗೆ ಇದ್ದರೆ ಇಟ್ಟುಬಿಡಿ. ನಾನು ಮಡಗಾಂವಿಗೆ ರೈಲಿನಲ್ಲಿ ಹೋದಾಗ ಎರಡು ಬಾಟಲಿ ತರುತ್ತೇನೆ, ಆರು ತಿಂಗಳು ಬರುತ್ತದೆ.

ಉಳಿದ ಸಾಮಾನಿಗೆ ನಾನು ಎಲ್ಲೂ ಹೋಗಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಅಡುಗೆ ನೋಡಿದರೆ ಹದಿನಾಲ್ಕು ಸಾಮಾನಿನ ಪಟ್ಟಿ ಬರುತ್ತದೆ, ಹೆದರಬೇಡಿ. ನಮ್ಮ ಜಿಲ್ಲೆಯಲ್ಲಿ ಅರ್ಧ ಹಿತ್ತಲಲ್ಲೇ ಇರುತ್ತದೆ. ಲೆಮನ್ ಗ್ರಾಸ್ ಅಂದರೆ ನಮ್ಮ ಮಜ್ಜಿಗೆ ಹುಲ್ಲು. ಥಾಯ್ ಮೆಣಸು ಸಿಗದಿದ್ದರೆ ಸೂಜಿ ಮೆಣಸು, ಖಾರಕ್ಕೆ ಏನೂ ಕಮ್ಮಿ ಇಲ್ಲ. ತೆಂಗಿನ ಹಾಲಿನ ಡಬ್ಬಿಯನ್ನು ಕರಾವಳಿಯವರು ಕೊಂಡರೆ ನಾಚಿಕೆ.

ಇಂಡೋನೇಷ್ಯಾ ಮತ್ತು ಮಲೇಷ್ಯಾದ ನಾಸಿ ಗೊರೆಂಗ್ ನಮ್ಮನೆಯಲ್ಲಿ ಈಗ ತಿಂಗಳಿಗೆ ಮೂರು ಸಲ ಆಗುತ್ತದೆ. ಹುರಿದ ಅನ್ನ ಅಂತಲೇ ಆ ಹೆಸರಿನ ಅರ್ಥ. ಇದಕ್ಕೆ ಬಾಸ್ಮತಿ ಬೇಡವೇ ಬೇಡ. ಕುಚಲಕ್ಕಿಯ ಅನ್ನ ಬಸಿದು, ತಟ್ಟೆಯಲ್ಲಿ ಹರಡಿ ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತೇನೆ. ಕುದಿಸಿ ಒಣಗಿಸಿದ ಅಕ್ಕಿಯಾದ್ದರಿಂದ ಅಂಟುವುದಿಲ್ಲ, ಒಂದೊಂದು ಅಗುಳೂ ಬೇರೆ ನಿಲ್ಲುತ್ತದೆ. ವೋಕಿನಲ್ಲಿ ಜಿಗಿಯುತ್ತದೆ. ಇಷ್ಟು ಚೆನ್ನಾಗಿ ಆಗುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಅದಕ್ಕೆ ಬೇಕಾದ ಸಂಬಾಲ್, ಅಂದರೆ ರುಬ್ಬಿದ ಮೆಣಸಿನ ಮಸಾಲೆ, ಹೀಗೆ. ಬ್ಯಾಡಗಿ ಮೆಣಸು ಆರು, ಬಿಸಿ ನೀರಲ್ಲಿ ನೆನೆಸಿದ್ದು. ಸೂಜಿ ಮೆಣಸು ಎರಡು. ಬೆಳ್ಳುಳ್ಳಿ ಮೂರು ಎಸಳು. ಈರುಳ್ಳಿ ಒಂದು ಹಿಡಿ. ಬೇಸಿಗೆಯಲ್ಲಾದರೆ ಕುಮಟಾ ಈರುಳ್ಳಿ, ಆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗು ಹಾಕಿರುತ್ತಾರಲ್ಲ, ಅದು. ಅದರ ಸಿಹಿ ಇದಕ್ಕೆ ಹೇಳಿ ಮಾಡಿಸಿದ್ದು. ಇಂಡೋನೇಷ್ಯಾದವರು ತೆರಾಸಿ ಎಂಬ ಶೆಟ್ಲಿಯ (ಸಿಗಡಿಯ) ಹುದುಗು ಹಾಕುತ್ತಾರೆ. ನಾನು ಒಣ ಶೆಟ್ಲಿಯನ್ನು ತಲೆ ಬಾಲ ತೆಗೆದು, ಬರೀ ಬಾಣಲೆಯಲ್ಲಿ ಹುರಿದು, ಒಂದು ಚಮಚ ಪುಡಿ ಹಾಕುತ್ತೇನೆ. ಅದೇ ರುಚಿ ಎನ್ನಲಾರೆ, ಅಣ್ಣನಲ್ಲದಿದ್ದರೂ ದಾಯಾದಿ. ಎಲ್ಲ ರುಬ್ಬಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹೇಗೂ ಒಣ ಶೆಟ್ಲಿಯೇ ಗತಿ. ಅದಕ್ಕೊಂದು ಹೊಸ ದಾರಿ ಸಿಕ್ಕಿತು.

ಅವರ ಸಿಹಿ ಸೋಯಾಕ್ಕೆ ಕೆಚಾಪ್ ಮಾನಿಸ್ ಎಂದು ಹೆಸರು. ಸೋಯಾಕ್ಕೆ ತಾಳೆ ಬೆಲ್ಲ ಹಾಕಿ ಕಾಯಿಸಿದ್ದು. ನಾನು ಸೋಯಾ ಮೂರು ಚಮಚಕ್ಕೆ ಜೋನಿ ಬೆಲ್ಲ (ನೀರಾದ ಬೆಲ್ಲ) ಮೂರು ಚಮಚ ಹಾಕಿ ಎರಡು ಕುದಿ ಬರಿಸುತ್ತೇನೆ. ಶಿರಸಿ ಕಡೆಯ ಕಬ್ಬಿನ ಜೋನಿ ಬೆಲ್ಲ ಇದಕ್ಕೆ ಹೊಂದಿದ ಹಾಗೆ ದೋಸೆಗೂ ಹೊಂದುವುದಿಲ್ಲ ಎಂದು ಬರೆದರೆ ಘಟ್ಟದ ಮೇಲಿನವರು ಹೊಡೆಯಲು ಬಂದಾರು. ಆದರೂ ಬರೆದಿದ್ದೇನೆ.

ಮೆಣಸಿನ ವಿಷಯ ಬಂತಲ್ಲ, ಒಂದು ಮಾತು. ಪೋರ್ಚುಗೀಸರು ನಮ್ಮ ಪಕ್ಕದ ಗೋವೆಯನ್ನು ಹಿಡಿದದ್ದು 1510ರಲ್ಲಿ. ಮರುವರ್ಷವೇ, 1511ರಲ್ಲಿ ಅವರ ಅದೇ ನಾಯಕ ಅಲ್ಬುಕರ್ಕ್ ಈಗಿನ ಮಲೇಷ್ಯಾದ ಮಲಾಕ್ಕಾ ಹಿಡಿದ. ಮೆಣಸಿನಕಾಯಿ ಅಮೆರಿಕದಿಂದ ಹೊರಟು ಏಷ್ಯಾಕ್ಕೆ ಬಂದದ್ದು ಅವರ ಕಾಲದಲ್ಲೇ. ಮಲಾಕ್ಕಾ ಜಲಸಂಧಿಯಲ್ಲಿ ರಾತ್ರಿ ಪಾಳಿ ಮುಗಿಸಿ ಡೆಕ್ಕಿನ ಮೇಲೆ ನಿಂತಾಗ, ಎಡಕ್ಕೂ ಬಲಕ್ಕೂ ಇರುವ ಊರಿನವರು ನಮ್ಮ ಹಾಗೇ ಮೆಣಸು, ತೆಂಗು, ಒಣ ಶೆಟ್ಲಿ ರುಬ್ಬುತ್ತಾರೆ ಎಂದು ನೆನಪಾಗಿ ಮನೆ ನೆನಪೂ ಬರುತ್ತಿತ್ತು.

ಚಾರ್ ಕ್ವೇ ತಿಯಾವ್ ಮಾತ್ರ ನನಗೆ ಬುದ್ಧಿ ಕಲಿಸಿತು. ಅಗಲ ನೂಡಲ್ಸ್ ಇಲ್ಲಿ ತಾಜಾ ಸಿಗುವುದಿಲ್ಲ. ಅದೂ ಅಕ್ಕಿ ಹಿಟ್ಟೇ ತಾನೇ, ನೀರ್ ದೋಸೆ ಮಾಡಿ ಸುತ್ತಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಆಯಿತು ಎಂದು ನನಗೆ ಭಾರೀ ಉಪಾಯ ಹೊಳೆಯಿತು. ಹೆಂಡತಿ ಬೇಡ ಎಂದಳು. ಆಯಿ ಬೇಡ ಎಂದಳು. ಹದಿನೆಂಟು ದೋಸೆ ಮಾಡಿಸಿದೆ. ವೋಕಿಗೆ ಹಾಕಿ ಎರಡು ಸಲ ಮಗುಚಿದ್ದೇ ತಡ, ಎಲ್ಲ ಮುದ್ದೆ. ಕಪ್ಪು ಸೋಯಾ ಬೇರೆ ಹಾಕಿದ್ದೆ. ಅಂಗಳದ ಕೋಳಿಗಳು ಕೂಡ ಮೊದಲು ಒಂದು ಸುತ್ತು ಹಾಕಿ ನೋಡಿ ಆಮೇಲೆ ಬಾಯಿ ಹಾಕಿದವು. ಅಂಗಡಿಯ ಒಣ ಅಕ್ಕಿ ನೂಡಲ್ಸ್ ತಂದರೆ ಸಾಕು. ಪೊಟ್ಟಣದ ಮೇಲೆ ಕುದಿಸಿ ಎಂದು ಬರೆದಿದ್ದರೂ ಕುದಿಸಬೇಡಿ. ತಣ್ಣೀರಿನಲ್ಲಿ ನಲವತ್ತು ನಿಮಿಷ ನೆನೆಸಿ, ಬಗ್ಗಿದರೂ ಒಳಗೆ ಗಟ್ಟಿ ಇರುವಾಗ ತೆಗೆಯಿರಿ. ಉಳಿದದ್ದು ವೋಕಿನಲ್ಲಿ ಬೇಯುತ್ತದೆ.

ಮೊಳಕೆ ಕಾಳು ಅವರದು ಉದ್ದ. ಹೆಸರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಹರಡಿ, ಮೇಲೆ ಭಾರ ಇಟ್ಟು, ನಾಲ್ಕು ದಿನ ಕತ್ತಲಲ್ಲಿ ಬಿಟ್ಟು ದಿನಕ್ಕೆರಡು ಸಲ ನೀರು ತೋರಿಸಿದರೆ ಬೆರಳುದ್ದ ಬರುತ್ತದೆ. ಅವರ ಚಿಪ್ಪಿನ ಬದಲಿಗೆ ನಮ್ಮ ಕಡೆಯ ಚಿಪ್ಪುಮೀನು ಬಳಚು. ಅಘನಾಶಿನಿ ಅಳಿವೆಯ ಬಳಚು ಸಿಕ್ಕರೆ ಅದೃಷ್ಟ. ಸ್ವಲ್ಪ ನೀರಲ್ಲಿ ಬಾಯಿ ಬಿಡಿಸಿ, ಮಾಂಸ ತೆಗೆದು, ಕೊನೆಯ ಹತ್ತು ಸೆಕೆಂಡು ಇರುವಾಗ ಹಾಕಬೇಕು. ಮುಂಚೆ ಹಾಕಿದರೆ ರಬ್ಬರು. ಬಳಚು ಬೆಂದ ನೀರನ್ನು ಚೆಲ್ಲಬೇಡಿ, ಒಂದು ಚಮಚ ಅದೇ ನೂಡಲ್ಸಿಗೆ.

ಥಾಯ್ ಪಾಡ್ ಕ್ರಪಾವ್ ಮಾಡಲು ಹೋಗಿ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ಕ್ರಪಾವ್ ಅಂದರೆ ನಮ್ಮ ತುಳಸಿಯ ಜಾತಿಯೇ. ಕೋಳಿಯ ಕೊಚ್ಚಿದ ಮಾಂಸಕ್ಕೆ ಬೆಳ್ಳುಳ್ಳಿ, ಮೆಣಸು, ಫಿಶ್ ಸಾಸ್ ಹಾಕಿ ಕೊನೆಗೆ ಒಂದು ಮುಷ್ಟಿ ಆ ಎಲೆ. ನಾನು ಕತ್ತಿ ಹಿಡಿದು ಅಂಗಳಕ್ಕೆ ಇಳಿದದ್ದನ್ನು ಆಯಿ ಕಂಡಳು. "ಕಟ್ಟೆ ತುಳಸಿ ಮುಟ್ಟಿದರೆ ನೋಡು ಮಾರಾಯ" ಎಂದಳು. ಕೋಳಿಗೆ ತುಳಸಿ ಹಾಕುವ ಜನ ಭೂಮಿ ಮೇಲೆ ಇದ್ದಾರೆ ಎಂದು ಅವಳಿಗೆ ಇವತ್ತಿಗೂ ನಂಬಿಕೆ ಇಲ್ಲ. ಈಗ ಕಾಮಕಸ್ತೂರಿಯ ಒಂದು ಕುಂಡ ಹಿತ್ತಲಲ್ಲಿದೆ. ರುಚಿ ಬೇರೆ, ಆದರೆ ಮನೆಯಲ್ಲಿ ಶಾಂತಿ ಇದೆ.

ಗ್ರೀನ್ ಕರಿ, ರೆಡ್ ಕರಿಗೆ ವೋಕ್ ಬೇಕಾಗಿಲ್ಲ. ಯಾವ ಪಾತ್ರೆಯಲ್ಲೂ ಆಗುತ್ತದೆ. ಕಾಯಿಯ ಮೊದಲ ಹಾಲನ್ನು ಎಣ್ಣೆ ಬಿಡುವ ತನಕ ಕುದಿಸಿ ಅದರಲ್ಲಿ ಮಸಾಲೆ ಹುರಿಯಿರಿ, ಅಷ್ಟು ನೆನಪಿದ್ದರೆ ಸಾಕು. ಹರಿವೆ ಸೊಪ್ಪಿನ ದಂಟನ್ನು ಬೆಳ್ಳುಳ್ಳಿ ಮತ್ತು ಮೇಲೆ ಹೇಳಿದ ಸಂಬಾಲ್ ಜೊತೆ ವೋಕಿನಲ್ಲಿ ಒಂದು ನಿಮಿಷ ಆಡಿಸಿ ನೋಡಿ. ಇದನ್ನು ಆಯಿ ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಇನ್ನು ದೂರುಗಳು.

ಮೊದಲನೆಯದು ತುಕ್ಕು. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಜೊತೆಗೆ ಕಡಲಿನ ಉಪ್ಪು ಗಾಳಿ. ಬರೀ ಕಬ್ಬಿಣ ಎಷ್ಟು ಹೊತ್ತು ತಡೆದೀತು? ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಹೋಗುವ ತನಕ ಕಾಯಿಸಬೇಕು. ಬಿಸಿ ಇರುವಾಗಲೇ ಎಣ್ಣೆಯ ನಾಲ್ಕು ಹನಿ ಬಿಟ್ಟು ಒರೆಸಬೇಕು. ಜಾಸ್ತಿ ಎಣ್ಣೆ ಉಳಿದರೆ ವಾರದಲ್ಲಿ ಕಮಟು ವಾಸನೆ. ತುಕ್ಕು ಬಂತೆಂದು ಎಸೆಯಬೇಡಿ. ನಾನು ಸಾಣಿಕಟ್ಟೆಯ ಹರಳುಪ್ಪು ಒಂದು ಮುಷ್ಟಿ, ಸ್ವಲ್ಪ ಎಣ್ಣೆ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಹತ್ತು ನಿಮಿಷದಲ್ಲಿ ಹೋಯಿತು. ಆಮೇಲೆ ಮತ್ತೆ ಕಾಯಿಸಿ ಪಳಗಿಸಿದೆ. ಶಿರಸಿಯ ಗೆಳೆಯನೊಬ್ಬನಿಗೂ ಒಂದು ತರಿಸಿಕೊಟ್ಟಿದ್ದೆ. ಅವರು ಮೀನು ಮುಟ್ಟುವವರಲ್ಲ, ಎಳೆ ಹಲಸನ್ನು ಸೋಯಾ ಮತ್ತು ಕಾಳುಮೆಣಸಿನ ಜೊತೆ ಹುರಿಯುತ್ತಾರೆ. ಅವನು ಮಳೆಗಾಲದಲ್ಲಿ ವೋಕನ್ನು ಒಲೆಯ ಮೇಲಿನ ಹೊಗೆಗೆ ತೂಗು ಹಾಕುತ್ತಾನಂತೆ, ಬೀಜದ ಸೌತೆಕಾಯಿ ಪಕ್ಕದಲ್ಲಿ. ಅವನದಕ್ಕೆ ಒಂದು ಚುಕ್ಕೆ ತುಕ್ಕು ಇಲ್ಲ.

ಎರಡನೆಯದು ಹುಳಿ. ಹುಣಸೆ, ಮುರುಗಲು, ಲಿಂಬೆ ಯಾವುದನ್ನೂ ಇದರಲ್ಲಿ ಕುದಿಸಬಾರದು. ಕಷ್ಟಪಟ್ಟು ಕೂರಿಸಿದ ಕಪ್ಪು ಪದರ ಕಿತ್ತುಕೊಂಡು ಬರುತ್ತದೆ, ಸಾರಿಗೆ ಕಬ್ಬಿಣದ ರುಚಿ. ನಾನಿಲ್ಲದಾಗ ನನ್ನ ಮಗಳು ಹುಬ್ಬಳ್ಳಿಯಿಂದ ರಜೆಗೆ ಬಂದವಳು ಇದರಲ್ಲಿ ಹುಣಸೆ ಹಾಕಿ ಶೆಟ್ಲಿ ಸುಕ್ಕಾ ಮಾಡಿದಳು. "ಪಪ್ಪಾ, ದೊಡ್ಡ ಬಾಣಲೆ ಇತ್ತು, ತೆಗೆದುಕೊಂಡೆ" ಎಂದಳು. ಎರಡು ದಿನ ಮತ್ತೆ ಪಳಗಿಸುವ ಕೆಲಸ. ಸುಕ್ಕಾ ಚೆನ್ನಾಗಿತ್ತು, ಏನೂ ಹೇಳಲಾಗಲಿಲ್ಲ. ಪಾಡ್ ಥಾಯ್ ಎಂಬ ಥಾಯ್ ನೂಡಲ್ಸಿಗೆ ಹುಣಸೆ ಬೇಕೇ ಬೇಕು. ಅದನ್ನು ಕೊನೆಯಲ್ಲಿ ಹಾಕಿ ಅರ್ಧ ನಿಮಿಷದಲ್ಲಿ ಇಳಿಸಿ, ಕೂಡಲೇ ತೊಳೆದರೆ ತೊಂದರೆ ಇಲ್ಲ.

ಮೂರನೆಯದು ವೋಕಿನ ತಪ್ಪಲ್ಲ, ಆದರೂ ಹೇಳಬೇಕು. ಒಂದೊಂದೇ ಪ್ಲೇಟ್ ಮಾಡುವುದರಿಂದ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಲು ಆಗುವುದಿಲ್ಲ. ಆರಿದರೆ ರುಚಿ ಹೋಯಿತು. ಮೊದಲ ಪ್ಲೇಟ್ ಆಯಿಗೆ, ಎರಡನೆಯದು ಮಗಳಿಗೆ, ಹೀಗೆ ಸರದಿ. ನನ್ನದು ಕೊನೆಗೆ, ಒಲೆಯ ಪಕ್ಕ ನಿಂತುಕೊಂಡೇ. ಒಂದು ದಿನ ಹೆಂಡತಿ ತನ್ನ ಪ್ಲೇಟ್ ಮುಗಿಸಿ ಬಂದು ಬಾಗಿಲಲ್ಲಿ ನಿಂತು ನೋಡಿದಳು. "ಹೆಂಗಿದೆ, ಕೊನೆಗೆ ಉಣ್ಣೋದು?" ಎಂದು ಕೇಳಿ ಒಳಗೆ ಹೋದಳು.

ಚಪ್ಪಟೆ ತಳದ್ದೋ ಗುಂಡು ತಳದ್ದೋ? ಗ್ಯಾಸ್ ಒಲೆ ಮಾತ್ರ ಇದ್ದರೆ ಕಣ್ಣು ಮುಚ್ಚಿ ಚಪ್ಪಟೆ ತಳದ್ದು. ಇಂಡಕ್ಷನ್ ಒಲೆಯ ಮೇಲೂ ಅದೇ ನಿಲ್ಲುವುದು. ಗುಂಡು ತಳದ್ದಕ್ಕೆ ಸಿಂಬಿಯಂಥ ಕಬ್ಬಿಣದ ಬಳೆ ಮಾರುತ್ತಾರೆ. ನಾನೇ ಒಂದು ಬೆಸುಗೆ ಹಾಕಿ ಮಾಡಿಕೊಂಡೆ. ಅಲುಗಾಟ ನಿಂತಿತು, ಆದರೆ ವೋಕ್ ಉರಿಯಿಂದ ಮೇಲಾಯಿತು, ಕಾವು ಇನ್ನೂ ಕಮ್ಮಿ. ಚಪ್ಪಟೆ ತಳದ ವೋಕಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮಳೆಗಾಲದ ನಾಲ್ಕು ತಿಂಗಳಿಗೆ ಮೂರು. 14 ಇಂಚು ಇಬ್ಬರಿರುವ ಮನೆಗೆ ದೊಡ್ಡದಾಯಿತು, 12 ಸಾಕು.

ಗುಂಡು ತಳದ್ದು ನಾಲ್ಕು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು. ಆಗಸ್ಟ್‌ನಲ್ಲಿ ಬೆಳಿಗ್ಗೆ ಬಚ್ಚಲಿಗೆ ಹೋದಾಗ ಒಲೆಯ ಉರಿ ನೋಡಿದೆ. ಕರಟ, ತೆಂಗಿನ ಸಿಪ್ಪೆ, ಒಣ ಹೆಡೆ ತುಂಬಿ ಹಚ್ಚಿದರೆ ಉರಿ ಹಂಡೆಯ ಹೊಟ್ಟೆ ಸವರಿ ಹೊರಗೆ ನುಗ್ಗುತ್ತದೆ. 22 ವರ್ಷ ಬಾಯ್ಲರ್ ನೋಡಿದವನಿಗೆ ಇದು ಇಷ್ಟು ತಡವಾಗಿ ಹೊಳೆಯಬೇಕಾ? ಅವತ್ತು ಸಂಜೆ ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆ ಇಳಿಸಿ, ಮೂರು ಕಲ್ಲಿನ ಮೇಲೆ ಗುಂಡು ವೋಕ್ ಇಟ್ಟೆ. ಬಟ್ಟಲು ಕೂತ ಹಾಗೆ ಕೂತಿತು. ಇಪ್ಪತ್ತು ಸೆಕೆಂಡಿನಲ್ಲಿ ಹೊಗೆ. ನೂಡಲ್ಸ್ ಹಾಕಿ ಚಿಮ್ಮಿಸಿದೆ, ಅಂಚಿನಲ್ಲಿ ಭಗ್ ಎಂದು ಹತ್ತಿತು. ಬಲಗೈಯ ಕೂದಲು ಸ್ವಲ್ಪ ಸುಟ್ಟಿತು. ಬಾಯಿಗೆ ಇಟ್ಟರೆ ಅದೇ, ಆ ಮುದುಕನ ಪ್ಲೇಟಿನದೇ ವಾಸನೆ.

ಎಲ್ಲ ಸಾಮಾನು ಮೊದಲೇ ಕತ್ತರಿಸಿ ಬಟ್ಟಲಲ್ಲಿ ಇಟ್ಟುಕೊಂಡಿರಬೇಕು. ಕಟ್ಟಿಗೆಯ ಉರಿಗೆ ನಾಬ್ ಇಲ್ಲ. ಉದ್ದ ಹಿಡಿಯ ಸಟ್ಟುಗ ಬೇಕು, ಲುಂಗಿ ಎತ್ತಿ ಕಟ್ಟಿರಬೇಕು, ಬಾಗಿಲು ತೆರೆದಿರಬೇಕು, ಪಕ್ಕದಲ್ಲಿ ಒಂದು ಬಾಲ್ದಿ ನೀರು ಇರಬೇಕು. ವೋಕ್ ಎತ್ತಿ ಇಳಿಸುವಾಗ ಮಕ್ಕಳು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ. ಈ ಒಲೆಯ ಮೇಲೆ ಗುಂಡು ತಳದ ವೋಕಿಗೆ ಐದಕ್ಕೆ ಐದು. ಮಾರಿದವರಿಗೆ ಸೊನ್ನೆ, ಅದು ಬೇರೆ ವಿಷಯ.

ಒಂದೇ ಒಂದು ತಾಪತ್ರಯ ಉಳಿದಿದೆ. ತಾಮ್ರದ ಹಂಡೆ ಬಿಸಿ ಇರುವಾಗ ಇಳಿಸಲು ಇಬ್ಬರು ಬೇಕು. ಹೆಂಡತಿ ಒಂದು ಕಡೆ ಹಿಡಿಯುತ್ತಾಳೆ, ಆದರೆ ಮೊದಲ ಪ್ಲೇಟ್ ತನಗೆ ಎಂದು ಮಾತಾದ ಮೇಲೆ.